ಕಡಲ ಬದಿಯ ಮನೆಗೆ ಹೊಸ ಎಸಿ: ಮಾರ್ಚ್‌ನಲ್ಲಿ ಹೊರಟು ಜೂನ್‌ಗೆ ಮುಟ್ಟಿದ್ದು

ಸುರತ್ಕಲ್ ಬಳಿಯ ನಮ್ಮ ಮನೆಯಿಂದ ಸಮುದ್ರಕ್ಕೆ ಒಂದು ಕಿಲೋಮೀಟರ್ ಕೂಡ ಇಲ್ಲ. ಇಲ್ಲಿ ಗೇಟಿನ ಕೊಂಡಿ, ಕಿಟಕಿಯ ಸರಳು, ಸ್ಕೂಟರಿನ ಸೈಲೆನ್ಸರ್ ಎಲ್ಲಕ್ಕೂ ತುಕ್ಕಿನ ಲೆಕ್ಕ ಬೇರೆಯೇ. ಎಸಿಗೂ ಹಾಗೆಯೇ. ಘಟ್ಟದ ಮೇಲಿನ ಗೆಳೆಯರು ಕೊಡುವ ಸಲಹೆ ಇಲ್ಲಿ ಅರ್ಧ ಮಾತ್ರ ಹೊಂದುತ್ತದೆ. ಈ ಬೇಸಗೆಯಲ್ಲಿ ಹಳೆಯ ಎಸಿ ತೆಗೆಸಿ ಹೊಸದು ಹಾಕಿಸುವಷ್ಟರಲ್ಲಿ ಮಳೆಗಾಲವೇ ಬಂತು. ಕೆಲಸ ಮುಗಿದು ಹೆಚ್ಚು ದಿನವಾಗಿಲ್ಲ. ಕಾಪು, ಉಳ್ಳಾಲ, ಕುಂದಾಪುರ, ಕಾರವಾರದ ಕಡೆ ಇದೇ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗಕ್ಕೆ ಬರಲಿ ಎಂದು ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನಮ್ಮದು 1998ರಲ್ಲಿ ಕಟ್ಟಿದ ಒಂದೇ ಅಂತಸ್ತಿನ ಮನೆ. ಕೆಂಪುಕಲ್ಲಿನ ಗೋಡೆ, ಮೇಲೆ ತಾರಸಿ. ಪಶ್ಚಿಮಕ್ಕಿರುವ ಕೋಣೆಯಲ್ಲಿ ಅಪ್ಪ ಮಲಗುತ್ತಾರೆ. ಕಳೆದ ವರ್ಷ ಅವರಿಗೆ ಹೃದಯದ ಶಸ್ತ್ರಚಿಕಿತ್ಸೆ ಆಯಿತು. ಸೆಕೆಯಲ್ಲಿ ಬೆವರಿ ನಿದ್ದೆಗೆಡಬಾರದು ಎಂದು ಡಾಕ್ಟರು ಹೇಳಿದ್ದರು. ಮಂಗಳೂರಿನ ಏಪ್ರಿಲ್‌ನಲ್ಲಿ ಥರ್ಮಾಮೀಟರ್ 34, 35 ಡಿಗ್ರಿ ತೋರಿಸುತ್ತದೆ, ಅಷ್ಟೇ. ಕಲಬುರಗಿಯವರಿಗೆ ಅದು ಸೆಕೆಯೆಂದೇ ಅನ್ನಿಸಲಿಕ್ಕಿಲ್ಲ. ಆದರೆ ಇಲ್ಲಿ ಗಾಳಿಯೇ ನೀರು ಕುಡಿದು ಕೂತಿರುವುದರಿಂದ ಬೆವರು ಆರುವುದಿಲ್ಲ. ರಾತ್ರಿಯಿಡೀ ಫ್ಯಾನಿನ ಕೆಳಗೆ ಮಲಗಿದ್ದರೂ ಬೆಳಿಗ್ಗೆ ಬನಿಯನ್ ಹಿಂಡಬಹುದು. ಕೂಲರ್ ತಂದುಕೊಡುತ್ತೇವೆ ಎಂದವರಿದ್ದರು. ಕೂಲರ್ ತಂಪು ಮಾಡುವುದು ನೀರನ್ನು ಆವಿ ಮಾಡಿ. ಕರಾವಳಿಯಲ್ಲಿ ಅದು ಕೋಣೆಗೆ ಇನ್ನಷ್ಟು ತೇವ ತುಂಬುತ್ತದೆ. ಆ ದುಡ್ಡು ಉಳಿಸಿಕೊಳ್ಳಿ.

ಹಳೆಯ ಎಸಿ 2012ರದ್ದು, ಒಂದೂವರೆ ಟನ್ ಸ್ಪ್ಲಿಟ್. ಕೆಲವು ವರ್ಷಗಳಿಂದ ಪ್ರತಿ ಬೇಸಗೆಯ ಆರಂಭದಲ್ಲೂ ಒಂದೇ ಕತೆ: ತಂಪು ಕಡಿಮೆ, ಸರ್ವಿಸ್‌ನವರು ಬರುತ್ತಾರೆ, ಗ್ಯಾಸಿನ ಒತ್ತಡ ನೋಡುವ ಗೇಜ್ ಹಚ್ಚುತ್ತಾರೆ, ‘ಗ್ಯಾಸ್ ಕಮ್ಮಿ ಆಗಿದೆ’ ಎಂದು ತುಂಬಿಸಿ ಎರಡೂವರೆ, ಮೂರು ಸಾವಿರ ತೆಗೆದುಕೊಂಡು ಹೋಗುತ್ತಾರೆ. ಈ ಸಲವೂ ಹಾಗೆಯೇ ಆಯಿತು. ಏಪ್ರಿಲ್ ಬರುವ ಮೊದಲೇ ಮತ್ತೆ ಬಿಸಿ ಗಾಳಿ.

ಆಮೇಲೆ ಕರೆಸಿದ್ದು ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿರುವ ಹಿರಿಯ ಮೆಕ್ಯಾನಿಕ್ ಒಬ್ಬರನ್ನು. ಅವರು ಗೇಜ್ ಹಚ್ಚುವ ಮೊದಲು ಹೊರಗಿನ ಯೂನಿಟ್ಟಿನ ಮುಚ್ಚಳ ಬಿಚ್ಚಿದರು. ತಾಮ್ರದ ಕೊಳವೆಗೆ ಸುತ್ತಿದ ಅಲ್ಯುಮಿನಿಯಂ ಎಲೆಗಳ ಮೇಲೆ ಬೆರಳಾಡಿಸಿದರೆ ಬಿಳಿ ಪುಡಿಯಾಗಿ ಉದುರಿದವು. ಉಪ್ಪಿನ ತೇವ ಕೂತರೆ ತಾಮ್ರ ಮತ್ತು ಅಲ್ಯುಮಿನಿಯಂ ತಾಗುವಲ್ಲಿ ಅಲ್ಯುಮಿನಿಯಂ ಸವೆಯುತ್ತಲೇ ಹೋಗುತ್ತದಂತೆ. ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿದಾಗ ಒಂದೆಡೆ ಗುಳ್ಳೆ ಎದ್ದಿತು. ಅವರು ಹೇಳಿದ ಮಾತು ನನಗೆ ಮುಖ್ಯವಾಯಿತು: ‘ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲಲ್ಲ, ಓಡಿಸಿದಂತೆ ಖರ್ಚಾಗಲಿಕ್ಕೆ. ಅದು ಒಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ.’ ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿಸುವವರಿಗೆ ದುಡ್ಡು ಕೊಡಬೇಡಿ. ಸೋಪಿನ ನೀರೋ ನೈಟ್ರೋಜನ್ ಒತ್ತಡದ ಪರೀಕ್ಷೆಯೋ, ಏನಾದರೊಂದು ಮಾಡಿ ತೋರಿಸಿ ಎಂದು ಕೇಳುವ ಹಕ್ಕು ನಮಗಿದೆ.

ನಮ್ಮದರಲ್ಲಿದ್ದ ಗ್ಯಾಸ್ ಆರ್22. ಓಝೋನ್ ಪದರಕ್ಕೆ ಹಾನಿ ಮಾಡುವ ಈ ಅನಿಲವನ್ನು ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಭಾರತ 2030ರ ಹೊತ್ತಿಗೆ ಬಹುಪಾಲು ಕೈಬಿಡಬೇಕು. ಹೊಸ ಎಸಿಗಳಲ್ಲಿ ಈಗ ಸಾಮಾನ್ಯವಾಗಿ ಬರುವುದು ಆರ್32. ಕಾಯಿಲ್, ಅಂದರೆ ಆ ಕೊಳವೆ ಮತ್ತು ಎಲೆಗಳ ಭಾಗ, ಬದಲಿಸಲು ಹೇಳಿದ ಬೆಲೆ ಹೊಸ ಎಸಿಯ ಬೆಲೆಯ ಅರ್ಧದ ಹತ್ತಿರ ಬಂದಾಗ, ಹೊಸದೇ ಸರಿ ಎಂದು ಮನೆಯಲ್ಲಿ ತೀರ್ಮಾನವಾಯಿತು.

ಶೋರೂಮಿನಲ್ಲಿ ಮೊದಲ ಎಡವಟ್ಟು ಟನ್ನಿನದು. ‘ತಾರಸಿ ಮನೆ, ಪಶ್ಚಿಮದ ಗೋಡೆ, ಎರಡು ಟನ್ ಹಾಕಿಬಿಡಿ’ ಎಂದು ಮಾರಾಟಗಾರ ಒತ್ತಾಯಿಸಿದ. ನಮ್ಮ ಕೋಣೆ 12 ಅಡಿಗೆ 13 ಅಡಿ. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3.5 ಕಿಲೋವ್ಯಾಟ್ ಶಾಖ ಹೊರಹಾಕುವ ಶಕ್ತಿ. ಕೋಣೆಗೆ ಮೀರಿದ ಎಸಿ ಬೇಗ ತಂಪು ಮಾಡಿ ನಿಂತುಬಿಡುತ್ತದೆ. ನಮ್ಮಲ್ಲಿ ತಂಪಿನಷ್ಟೇ ಮುಖ್ಯ ಗಾಳಿಯ ನೀರು ತೆಗೆಯುವುದು, ಮತ್ತು ಅದಕ್ಕೆ ಒಳಗಿನ ಕಾಯಿಲ್ ತುಂಬ ಹೊತ್ತು ತಣ್ಣಗಿರಬೇಕು. ಬೇಗ ನಿಂತರೆ ಕೋಣೆ ತಣ್ಣಗೂ ಇರುತ್ತದೆ, ಅಂಟಂಟೂ ಇರುತ್ತದೆ. ಹಾಸಿಗೆ ಹಸಿಯಾದಂತೆ ಅನಿಸುತ್ತದೆ. ಆದ್ದರಿಂದ ಒಂದೂವರೆ ಟನ್ನಿನ ಇನ್ವರ್ಟರ್ ಸಾಕೆಂದು ಪಟ್ಟು ಹಿಡಿದೆವು. ಇನ್ವರ್ಟರ್ ಕಂಪ್ರೆಸರ್ ವೇಗ ತಗ್ಗಿಸಿಕೊಂಡು ಓಡುತ್ತಲೇ ಇರುತ್ತದೆ. ಕರಾವಳಿಗೆ ಅದರ ದೊಡ್ಡ ಲಾಭ ವಿದ್ಯುತ್ ಉಳಿತಾಯಕ್ಕಿಂತ ಇದೇ ಎಂದು ನನ್ನ ಅಭಿಪ್ರಾಯ.

ಸ್ಟಾರ್ ವಿಷಯದಲ್ಲಿ ಒಂದು ಎಚ್ಚರಿಕೆ. ಸ್ಟಾರ್ ಕೊಡುವ ಕೇಂದ್ರದ ಸಂಸ್ಥೆ ಬಿಇಇ 2026ರ ಜನವರಿ 1ರಿಂದ ಎಸಿಗಳ ಸ್ಟಾರ್ ಮಾನದಂಡ ಬಿಗಿ ಮಾಡಿದೆ. ಹೋದ ವರ್ಷದ ಐದು ಸ್ಟಾರ್ ಈ ವರ್ಷದ ಐದು ಸ್ಟಾರಿಗೆ ಸಮವಲ್ಲ. ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ ನಿಂತಿದ್ದವು. ನಕ್ಷತ್ರ ಎಣಿಸುವ ಬದಲು ಲೇಬಲ್ಲಿನ ಐಸೀರ್ ಸಂಖ್ಯೆ (ಹೆಚ್ಚಿದ್ದಷ್ಟೂ ಕರೆಂಟ್ ಉಳಿತಾಯ) ಮತ್ತು ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ಎಂಬುದನ್ನು ನೋಡಿ. ಆ ಯೂನಿಟ್ಟುಗಳು ವರ್ಷಕ್ಕೆ 1,600 ಗಂಟೆಯ ಲೆಕ್ಕದವು. ನಮ್ಮಂತೆ ಮಳೆಗಾಲದಲ್ಲೂ ಹಾಕುವವರಿಗೆ ಹೆಚ್ಚಾಗುತ್ತದೆ. ಬೆಲೆ ವಿಚಾರದಲ್ಲಿ, 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 28ರಿಂದ ಶೇ. 18ಕ್ಕೆ ಇಳಿದಿರುವುದು ಒಂದಿಷ್ಟು ಅನುಕೂಲ. ನಾವು ತೆಗೆದುಕೊಂಡದ್ದಕ್ಕೆ 44 ಸಾವಿರದ ಆಸುಪಾಸು ಬಿತ್ತು. ಕಂಡೆನ್ಸರ್, ಅಂದರೆ ಹೊರಗಿನ ಕಾಯಿಲ್, ತಾಮ್ರದ್ದೇ ಎಂದೂ, ಎಲೆಗಳಿಗೆ ತುಕ್ಕು ತಡೆಯುವ ಲೇಪನ ಇದೆಯೆಂದೂ ಕೇಳಿ, ಬಿಲ್ಲಿನ ಮಾದರಿ ಸಂಖ್ಯೆಯ ಜೊತೆ ತಾಳೆ ನೋಡಿದೆವು. ಸಮುದ್ರದ ಹತ್ತಿರ ಹಾಕಿದರೆ ವಾರಂಟಿ ಹೇಗೆ ಅನ್ವಯಿಸುತ್ತದೆ ಎನ್ನುವುದನ್ನೂ ಓದಿ. ತುಕ್ಕಿನ ಬಗ್ಗೆ ಸಣ್ಣ ಅಕ್ಷರದ ಷರತ್ತುಗಳಿರುತ್ತವೆ.

ದುಡ್ಡು ಕಟ್ಟಿ ಬಂದರೆ ಕೆಲಸ ಮುಗಿದಂತೆ ಅಂದುಕೊಂಡಿದ್ದೆವು. ಎಲೆಕ್ಟ್ರಿಷಿಯನ್ ಬಂದು ಬೋರ್ಡು ಬಿಚ್ಚಿದ ಮೇಲೆ ಗೊತ್ತಾದದ್ದು, ಹಳೆಯ ಎಸಿಯೂ ಗೀಸರೂ 2.5 ಚದರ ಮಿ.ಮೀ.ನ ಒಂದೇ ವೈರಿನಲ್ಲಿ ಇದ್ದವು. ತುದಿಯಲ್ಲಿ ಇನ್ಸುಲೇಶನ್ ಕಪ್ಪಾಗಿತ್ತು. ಇಷ್ಟು ವರ್ಷ ಅಪ್ಪ ಆ ಬೋರ್ಡಿನ ಕೆಳಗೇ ತಲೆಯಿಟ್ಟು ಮಲಗಿದ್ದರು ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ. ಮೀಟರ್ ಕಡೆಯಿಂದ ಎಸಿಗೆಂದೇ 4 ಚದರ ಮಿ.ಮೀ. ತಾಮ್ರದ ವೈರು, ಕರೆಂಟ್ ಮಿತಿ ಮೀರಿದರೆ ತಾನೇ ಇಳಿಯುವ ಪ್ರತ್ಯೇಕ ಎಂಸಿಬಿ ಸ್ವಿಚ್ಚು, ಜೊತೆಗೆ ಕರೆಂಟ್ ಸೋರಿದರೆ ಕಡಿತಮಾಡುವ ಆರ್‌ಸಿಸಿಬಿ ಹಾಕಿಸಿದೆವು. ಅರ್ತಿಂಗ್ ಗುಂಡಿಯೂ ಹೊಸದು. ನಮ್ಮ ಮುರಕಲ್ಲಿನ (ಕೆಂಪುಕಲ್ಲಿನ) ನೆಲ ಬೇಸಗೆಯಲ್ಲಿ ಒಣಗಿ ಅರ್ತಿಂಗ್ ದುರ್ಬಲವಾಗುತ್ತದೆ. ಗುಂಡಿಗೆ ಆಗಾಗ ನೀರು ಹೊಯ್ಯುತ್ತಿರಿ. ಇದಕ್ಕೆಲ್ಲ ಸೇರಿ 20 ಸಾವಿರದ ಹತ್ತಿರ ಖರ್ಚು. ಎಸಿಯ ಬಜೆಟ್ಟಿನಲ್ಲಿ ಯಾರೂ ಬರೆದಿಟ್ಟುಕೊಳ್ಳದ ಖರ್ಚು ಇದು.

ನಿಜವಾದ ತಡೆ ಬಂದದ್ದು ಆಮೇಲೆ. ಮನೆಗೆ ಮಂಜೂರಾಗಿದ್ದ ಲೋಡ್, ಅಂದರೆ ಒಟ್ಟಿಗೆ ಬಳಸಬಹುದಾದ ವಿದ್ಯುತ್ತಿನ ಮಿತಿ, 2 ಕಿಲೋವ್ಯಾಟ್. ಎಸಿ, ಗೀಸರ್, ಬಾವಿಯ ಪಂಪು ಒಟ್ಟಿಗೆ ಓಡಿದರೆ ಅದು ಮೀರುತ್ತದೆ. ಈಗಿನ ಮೀಟರಿನಲ್ಲಿ ಅದು ದಾಖಲಾಗುತ್ತದೆ, ಲೋಡ್ ಹೆಚ್ಚಿಸಿಕೊಳ್ಳುವುದೇ ಒಳ್ಳೆಯದು ಎಂದು ವಿದ್ಯುತ್ ಗುತ್ತಿಗೆದಾರರು ಹೇಳಿದರು. ಅರ್ಜಿಗೆ ಬೇಕಾದದ್ದು ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಇರುವ ಬಿಲ್ಲು, ಗುರುತಿನ ಚೀಟಿ, ಮನೆ ತೆರಿಗೆ ರಸೀದಿ, ಪರವಾನಗಿ ಇರುವ ಗುತ್ತಿಗೆದಾರರ ವೈರಿಂಗ್ ವರದಿ. ಬಿಲ್ಲು ತೆಗೆದು ನೋಡಿದರೆ ಹೆಸರು ಇನ್ನೂ ಅಜ್ಜನದ್ದು. ಅಜ್ಜ ತೀರಿ ಹೋಗಿ ಎಷ್ಟೋ ವರ್ಷವಾಯಿತು. ಪ್ರತಿ ತಿಂಗಳು ಬಿಲ್ಲು ಬರುತ್ತಿತ್ತು, ಕಟ್ಟುತ್ತಿದ್ದೆವು. ಹೆಸರಿನ ಕಡೆ ಯಾರ ಕಣ್ಣೂ ಹೋಗಿರಲಿಲ್ಲ. ಕರಾವಳಿಯ ಹಳೆಯ ಮನೆಗಳಲ್ಲಿ ಇದು ಎಷ್ಟು ಸಾಮಾನ್ಯ ಎಂದು ಆಮೇಲೆ ವಿದ್ಯುತ್ ಕಚೇರಿಯ ಬೆಂಚಿನಲ್ಲಿ ಕೂತಾಗ ತಿಳಿಯಿತು. ಪಕ್ಕದಲ್ಲಿದ್ದ ಇಬ್ಬರು ಬಂದದ್ದೂ ಅದೇ ಕೆಲಸಕ್ಕೆ.

ಹೆಸರು ಬದಲಾವಣೆಗೆ ನಮ್ಮಿಂದ ಕೇಳಿದ್ದು ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಛಾಪಾ ಕಾಗದದಲ್ಲಿ ನೋಟರಿ ಮಾಡಿಸಿದ ಮುಚ್ಚಳಿಕೆ. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದೆವು. ಗ್ರಾಮ ಆಡಳಿತಾಧಿಕಾರಿಯ ವರದಿ ಆಗಬೇಕು, ಅದಕ್ಕೆ ಕಾಯಬೇಕು. ಒಬ್ಬ ಚಿಕ್ಕಪ್ಪ ಮುಂಬೈಯಲ್ಲಿ, ಒಬ್ಬ ಅತ್ತೆ ಮಸ್ಕತ್‌ನಲ್ಲಿ ಮಗಳ ಮನೆಯಲ್ಲಿ. ಚಿಕ್ಕಪ್ಪನ ಸಹಿ ಅಂಚೆಯಲ್ಲಿ ಬಂತು. ಅತ್ತೆ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮನೆಯ ಕಾಗದಕ್ಕೆ ಸಹಿಯಾ?’ ಎಂದು ಕೇಳಿದರು. ಕರೆಂಟಿನ ಮೀಟರಿನ ಹೆಸರು ಮಾತ್ರ, ಆಸ್ತಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಅಪ್ಪ ನಿಧಾನವಾಗಿ ಬಿಡಿಸಿ ಹೇಳಿದರು. ಅತ್ತೆಯ ಆ ಮಾತು ಅಪ್ಪನಿಗೆ ನೋವು ಕೊಟ್ಟಿತ್ತು. ಇಂಥ ಸಹಿ ಕೇಳುವ ಮೊದಲು ಯಾವುದಕ್ಕೆ, ಯಾಕೆ ಎಂದು ಪತ್ರದ ನಕಲನ್ನೇ ವಾಟ್ಸಾಪಿನಲ್ಲಿ ಕಳಿಸಿಬಿಡಿ. ಸಂಬಂಧಗಳು ನೋಯುವುದು ತಪ್ಪುತ್ತದೆ. ಅತ್ತೆ ಮರುದಿನವೇ ಒಪ್ಪಿದರು, ಆದರೆ ಪತ್ರ ಊರಿಗೆ ಬರುವವರ ಕೈಯಲ್ಲಿ ತಲುಪುವಾಗ ಮೇ ತಿಂಗಳು ಅರ್ಧ ಕಳೆದಿತ್ತು.

ಆ ಕಾಯುವ ದಿನಗಳೇ ಅತ್ಯಂತ ಕಷ್ಟದವು. ಎಸಿಯ ಪೆಟ್ಟಿಗೆ ಜಗಲಿಯಲ್ಲಿ, ಅಪ್ಪ ಒಳಗೆ ಬೆವರುತ್ತಾ. ರಾತ್ರಿ ಎರಡು ಗಂಟೆಗೆ ಎದ್ದು ಅವರು ಅಂಗಳದಲ್ಲಿ ಕುರ್ಚಿ ಹಾಕಿ ಕೂತಿರುವುದನ್ನು ಕಂಡಾಗ ನನಗೆ ಯಾರ ಮೇಲೆ ಸಿಟ್ಟು ಬರಬೇಕೆಂದೇ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಹೇಳಿದ ಉಪಾಯ ಕೈಹಿಡಿಯಿತು: ಹೆಣೆದ ಮಡಲನ್ನು (ತೆಂಗಿನ ಗರಿಯನ್ನು) ಆ ಕೋಣೆಯ ಮೇಲಿನ ತಾರಸಿಗೆ ಎರಡು ಪದರ ಹಾಸುವುದು, ಪಶ್ಚಿಮದ ಗೋಡೆಗೂ ಒಂದು ಮಡಲ ತಟ್ಟಿ ಕಟ್ಟುವುದು. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿ ಅದನ್ನೇ ಕೋಣೆಗೆ ಬಿಡುತ್ತದೆ. ಬಿಸಿಲು ತಾಗದಂತೆ ಮಾಡಿದರೆ ಅರ್ಧ ಯುದ್ಧ ಗೆದ್ದಂತೆ. ಮಳೆ ಮುಗಿದ ಮೇಲೆ ತಾರಸಿಗೆ ಬಿಳಿಯ ಶಾಖ ತಡೆಯುವ ಬಣ್ಣ ಬಳಿಸುವ ಯೋಚನೆ ಇದೆ. ಎಸಿ ಕೊಳ್ಳುವ ಮೊದಲು ಇದನ್ನು ಮಾಡಿಸಿಕೊಳ್ಳಿ ಎನ್ನುತ್ತೇನೆ.

ಹೆಸರು ಬದಲಾಗಿ ಲೋಡ್ 4 ಕಿಲೋವ್ಯಾಟ್ ಮಂಜೂರಾದ ಮೇಲೆ ಎಸಿ ಕೂರಿಸುವವರಿಗೆ ಫೋನ್ ಮಾಡಿದೆವು. ಬಂದ ಹುಡುಗರಿಬ್ಬರು ಅವಸರದಲ್ಲಿದ್ದರು; ಆ ದಿನ ಇನ್ನೂ ಮನೆಗಳಿದ್ದವಂತೆ. ಗೋಡೆಯೊಳಗೆ ಹುದುಗಿದ್ದ ಹಳೆಯ ಪೈಪಿಗೇ ಹೊಸ ಎಸಿ ಜೋಡಿಸುತ್ತೇವೆ ಎಂದರು. ಆರ್32ರ ಒತ್ತಡ ಆರ್22ಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು, ಹಳೆಯ ಪೈಪಿನಲ್ಲಿ ಉಳಿದ ಎಣ್ಣೆಯೂ ಬೇರೆ ಜಾತಿಯದು. ಬೇಡವೆಂದೆವು. ಪೈಪಿನೊಳಗಿನ ಗಾಳಿಯನ್ನು ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪು ಎಲ್ಲಿ ಎಂದು ಕೇಳಿದರೆ, ‘ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಹೊರಹಾಕುತ್ತೇವೆ, ಸಾಕು’ ಎಂದರು. ಹಿರಿಯ ಮೆಕ್ಯಾನಿಕ್ ಮೊದಲೇ ಎಚ್ಚರಿಸಿದ್ದರು: ಕರಾವಳಿಯಲ್ಲಿ ಪೈಪಿನೊಳಗಿನ ಗಾಳಿ ಎಂದರೆ ಅರ್ಧ ನೀರು. ಅದು ಒಳಗೆ ಉಳಿದರೆ ಎಣ್ಣೆ ಕೆಟ್ಟು ಆಮ್ಲವಾಗಿ ಕಂಪ್ರೆಸರನ್ನು ತಿನ್ನುತ್ತದೆ. ಆರ್32 ಸ್ವಲ್ಪ ಮಟ್ಟಿಗೆ ಉರಿಯುವ ಅನಿಲವೂ ಹೌದು, ಕೋಣೆಯಲ್ಲಿ ಸುಮ್ಮನೆ ಬಿಡುವಂಥದ್ದಲ್ಲ. ನಾವು ಒಪ್ಪಲಿಲ್ಲ, ಅವರು ಪೆಟ್ಟಿಗೆ ಮುಚ್ಚಿಟ್ಟು ಹೊರಟರು. ಅಪ್ಪನ ಮುಖ ನೋಡಿ, ಹೋಗಲಿ ಹೇಗೋ ಹಾಕಿಸಿಬಿಡೋಣ ಎಂದು ಒಂದು ಕ್ಷಣ ಅನಿಸಿತ್ತು. ಕಂಪನಿಯ ಸಹಾಯವಾಣಿಗೆ ದೂರು ಬರೆಸಿ, ದೂರಿನ ಸಂಖ್ಯೆ ಹಿಡಿದು ಮತ್ತೆ ಮತ್ತೆ ಕೇಳಿದ ಮೇಲೆ ಬೇರೆ ತಂಡ ಬಂತು, ಪಂಪಿನ ಜೊತೆಗೆ.

ಈ ತಂಡದ ಹಿರಿಯ ಕೆಲಸಗಾರ ನಿಜವಾಗಿಯೂ ಬಲ್ಲವ. ಕೆಂಪುಕಲ್ಲಿನ ಗೋಡೆಗೆ ಸಾಮಾನ್ಯ ಆ್ಯಂಕರ್ ಬೋಲ್ಟ್ ಹಿಡಿಯುವುದಿಲ್ಲ, ಕಲ್ಲು ಪುಡಿಯಾಗಿ ಸಡಿಲವಾಗುತ್ತದೆ ಎಂದು ಗೋಡೆ ತಟ್ಟಿ ನೋಡಿಯೇ ಹೇಳಿದ. ಹೊರಗಿನ ಯೂನಿಟ್ಟನ್ನು ಉತ್ತರದ ಬದಿ, ಕಾಂಕ್ರೀಟಿನ ಸಜ್ಜದ ಮೇಲೆ ಕೂರಿಸಲಾಯಿತು. ಅಲ್ಲಿ ಬಿಸಿಲೂ ಕಡಿಮೆ, ಸಮುದ್ರದ ಗಾಳಿಯ ನೇರ ಹೊಡೆತವೂ ಇಲ್ಲ, ಏಣಿ ಇಟ್ಟು ತೊಳೆಯಲೂ ಆಗುತ್ತದೆ. ಬಣ್ಣ ಬಳಿದ ಕಬ್ಬಿಣದ ಸ್ಟ್ಯಾಂಡಿನ ಬದಲು ಗ್ಯಾಲ್ವನೈಸ್ ಮಾಡಿದ್ದು (ಸತುವಿನ ಲೇಪನ ಇರುವುದು), ಸ್ಟೀಲಿನ ಬೋಲ್ಟು ಹಾಕಿಸಿದೆವು. ಸುಮಾರು ಒಂದು ಸಾವಿರ ಹೆಚ್ಚು ಖರ್ಚಷ್ಟೇ. ಪೈಪಿಗೆ ತೆಳು ಬಿಳಿ ಫೋಮಿನ ಬದಲು ದಪ್ಪನೆಯ ಕಪ್ಪು ನೈಟ್ರೈಲ್ ರಬ್ಬರಿನ ಹೊದಿಕೆ, ಎರಡು ಪೈಪಿಗೂ ಬೇರೆ ಬೇರೆ. ಇಲ್ಲಿ ಹೊದಿಕೆ ಹರಿದಲ್ಲೆಲ್ಲ ಪೈಪು ಬೆವರಿ ಗೋಡೆಗೆ ನೀರಿಳಿಯುತ್ತದೆ. ಅರ್ಧ ಗಂಟೆಗೂ ಹೆಚ್ಚು ಹೊತ್ತು ಪಂಪು ಓಡಿತು. ನಿಲ್ಲಿಸಿದ ಮೇಲೆ ಗೇಜಿನ ಮುಳ್ಳು ಮೇಲೇರದೆ ನಿಂತದ್ದನ್ನು ನನ್ನನ್ನು ಕರೆದು ತೋರಿಸಿದ. ಆಮೇಲೆಯೇ ಗ್ಯಾಸಿನ ವಾಲ್ವು ತೆರೆದ. ನೀವೂ ಇದನ್ನು ನಿಂತು ನೋಡಿ.

ಅಪ್ಪ ಆ ರಾತ್ರಿ ಬೆಳಗಿನ ತನಕ ಎದ್ದಿಲ್ಲ.

ಮುಂದಿನ ತೊಂದರೆ ಮೊದಲ ಮಳೆಗೆ ಬಂತು. ಒಳಗಿನ ಯೂನಿಟ್ಟಿನಿಂದ ಹನಿ ಹನಿ ನೀರು. ಡ್ರೈನ್ ಪೈಪಿನ ಹೊರತುದಿಯನ್ನು ಮಳೆನೀರು ಹರಿಯುವ ಚರಂಡಿಯೊಳಗೆ ಮುಳುಗಿಸಿಟ್ಟಿದ್ದರಿಂದ ನೀರು ಹೊರಹೋಗಲಾಗದೆ ಹಿಂದೆ ನಿಂತಿತ್ತು. ತುದಿಯನ್ನು ನೆಲದಿಂದ ಎತ್ತರಕ್ಕೆ ಕತ್ತರಿಸಿ, ಉದ್ದಕ್ಕೂ ಇಳಿಜಾರು ಸರಿಮಾಡಿ, ಇರುವೆ ಹಲ್ಲಿ ನುಗ್ಗದಂತೆ ಸಣ್ಣ ಜಾಲರಿ ಕಟ್ಟಿದ ಮೇಲೆ ಸರಿಯಾಯಿತು. ಈ ಪೈಪಿನಿಂದ ಒಂದು ರಾತ್ರಿಗೆ ಅರ್ಧ ಬಕೆಟಿಗಿಂತ ಹೆಚ್ಚು ನೀರು ಬರುತ್ತದೆ. ಅಷ್ಟು ನೀರು ಅಪ್ಪನ ಕೋಣೆಯ ಗಾಳಿಯಲ್ಲಿತ್ತು. ಹಲ್ಲಿಯ ವಿಷಯವನ್ನು ಹಗುರ ಮಾಡಬೇಡಿ: ಹೊರಗಿನ ಯೂನಿಟ್ಟಿನ ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡು) ಮೇಲೆ ಹಲ್ಲಿ ಸತ್ತು ಬೋರ್ಡು ಸುಟ್ಟ ಮನೆ ನಮ್ಮ ಬೀದಿಯಲ್ಲೇ ಇದೆ. ಸಿಡಿಲಿನ ಕಾಲದಲ್ಲಿ, ಅಂದರೆ ಮಳೆಗಾಲಕ್ಕೆ ಮೊದಲಿನ ಮೇ ತಿಂಗಳು ಮತ್ತು ಅಕ್ಟೋಬರ್, ಗುಡುಗು ದೂರದಲ್ಲಿ ಕೇಳಿದಾಗಲೇ ಎಂಸಿಬಿ ಇಳಿಸುತ್ತೇವೆ. ‘ಸ್ಟೆಬಿಲೈಸರ್ ಬೇಡ’ ಎಂದು ಬರೆದಿರುವ ಎಸಿ ಲೋ ವೋಲ್ಟೇಜ್ ತಾಳಿಕೊಳ್ಳಬಹುದು, ಸಿಡಿಲನ್ನಲ್ಲ. ಮೀಟರ್ ಬೋರ್ಡಿನಲ್ಲಿ ಸರ್ಜ್ (ವೋಲ್ಟೇಜಿನ ಹಠಾತ್ ಏರಿಕೆ) ತಡೆಯುವ ಉಪಕರಣವನ್ನೂ ಕೂರಿಸಿದ್ದೇವೆ.

ಬಿಲ್ಲಿನ ಬಗ್ಗೆ: ಗೃಹಜ್ಯೋತಿಯಲ್ಲಿರುವವರು ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿ ಕಟ್ಟಬೇಕು. ಲೋಡ್ ಹೆಚ್ಚಿಸಿದರೆ ಪ್ರತಿ ಕಿಲೋವ್ಯಾಟಿನ ನಿಗದಿತ ಶುಲ್ಕವೂ ಏರುತ್ತದೆ. 26 ಡಿಗ್ರಿಗೆ ಇಟ್ಟು ಫ್ಯಾನನ್ನು ನಿಧಾನಕ್ಕೆ ಬಿಟ್ಟರೆ ಅಪ್ಪನಿಗೆ ಸಾಕಾಗುತ್ತದೆ. ಈಗ ಜಡಿಮಳೆಯಲ್ಲಿ ಹೊರಗೆ ತಂಪಿದ್ದರೂ ಕೋಣೆಯ ಬೀರುವಿನಲ್ಲಿ ಬೂಷ್ಟು ಹಿಡಿಯದಂತೆ ಸಂಜೆ ಒಂದೆರಡು ಗಂಟೆ ಡ್ರೈ ಮೋಡಿನಲ್ಲಿ ಹಾಕುತ್ತೇವೆ. ಆರಿಸುವ ಮೊದಲು ಸ್ವಲ್ಪ ಹೊತ್ತು ಬರೀ ಫ್ಯಾನ್ ಮೋಡಿನಲ್ಲಿ ಓಡಿಸಿದರೆ ಒಳಗಿನ ಕಾಯಿಲ್ ಒಣಗುತ್ತದೆ, ಮುಗ್ಗಲು ವಾಸನೆ ಬರುವುದಿಲ್ಲ.

ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ನಲ್ಲಿ ಕೆಳಗೆ ತೊಳೆಯುತ್ತೇನೆ. ಮಳೆ ನಿಂತ ಮೇಲೆ, ಅಕ್ಟೋಬರಿನಿಂದ ಮೇ ತನಕ, ತಿಂಗಳಿಗೊಮ್ಮೆ ಎಂಸಿಬಿ ಇಳಿಸಿ ಹೊರಗಿನ ಕಾಯಿಲಿಗೆ ಬಾವಿಯ ಸಿಹಿನೀರು ಹಗುರವಾಗಿ ಹಾಯಿಸಬೇಕು. ಜೋರು ಒತ್ತಡದ ಪಂಪು ಎಲೆಗಳನ್ನು ಮಡಚಿಬಿಡುತ್ತದೆ. ಬೋರಿನ ನೀರು ಉಪ್ಪಾಗಿದ್ದರೆ ಅದನ್ನು ಬಳಸಬೇಡಿ. ದೊಡ್ಡ ಸರ್ವಿಸನ್ನು ಜನವರಿಯಲ್ಲೇ ಮಾಡಿಸುವುದೆಂದು ಮೆಕ್ಯಾನಿಕ್ ಹತ್ತಿರ ಮಾತಾಗಿದೆ. ಮಾರ್ಚಿನಲ್ಲಿ ಅವರಿಗೂ ಪುರುಸೊತ್ತಿಲ್ಲ, ನಮಗೂ ತಾಳ್ಮೆ ಇರುವುದಿಲ್ಲ. ಹಳೆಯ ಎಸಿಯನ್ನು ಗುಜರಿಯವನು ಕೇಳಿದ್ದ, ಅಂಗಳದಲ್ಲೇ ಪೈಪು ಕತ್ತರಿಸುತ್ತೇನೆ ಎಂದ. ಕೊಡಲಿಲ್ಲ. ಅದರಲ್ಲಿ ಉಳಿದಿದ್ದ ಆರ್22ನ್ನು ಮೆಕ್ಯಾನಿಕ್ ತಮ್ಮ ಸಿಲಿಂಡರಿಗೆ ಎಳೆದುಕೊಂಡ ಮೇಲೆ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಹಸ್ತಾಂತರಿಸಿ ರಸೀದಿ ಪಡೆದಿದ್ದೇವೆ.

ಮನೆಯ ಕರೆಂಟ್ ಬಿಲ್ಲಿನಲ್ಲಿ ಯಾರ ಹೆಸರಿದೆ ಎಂದು ಈ ಮಳೆಗಾಲದಲ್ಲೇ ನೋಡಿಟ್ಟುಕೊಳ್ಳಿ. ಬದಲಿಸಬೇಕಾಗಿದ್ದರೆ ವಂಶವೃಕ್ಷದ ಅರ್ಜಿ ಮೊದಲು ಹಾಕಿ, ಪರವೂರಿನಲ್ಲಿರುವವರು ಚೌತಿಗೋ ದೀಪಾವಳಿಗೋ ಊರಿಗೆ ಬಂದಾಗ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ಎಸಿಯನ್ನು ಡಿಸೆಂಬರಿನಲ್ಲಿ ಕೊಂಡರೆ ಕೂರಿಸುವವರೂ ಸಮಾಧಾನದಿಂದ ಕೆಲಸ ಮಾಡುತ್ತಾರೆ.